ಲೆಕ್ಕಕ್ಕೆ ಬಾರದ ಹತ್ತೊಂಬತ್ತು ದಿನಗಳು

ಪ್ರತಿವರ್ಷ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಮ್ಮ ಮನೆತನದವರೆಲ್ಲ ಊರಿನ ಸಮಾಧಿಭೂಮಿಯಲ್ಲಿ ಸೇರುವುದು ವಾಡಿಕೆ. ಕಳೆ ಕಿತ್ತು, ಶಿಲುಬೆಗಳಿಗೆ ಸುಣ್ಣ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಮೇಣದ ಬತ್ತಿ ಹಚ್ಚುತ್ತೇವೆ. ಹಿರಿಯರು ಒಂದೊಂದು ಸಮಾಧಿಯ ಮುಂದೆಯೂ ನಿಂತು ಅಲ್ಲಿ ಮಲಗಿರುವವರ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡಪ್ಪನವರ ಸಮಾಧಿಯ ಮುಂದೆ ಹೀಗೆ ನಿಂತಿದ್ದಾಗ, ಅವರ ಮಗಳ ಮೊಮ್ಮಗ, ಆಗಷ್ಟೇ ಕಾಲೇಜು ಸೇರಿದ್ದ ಹುಡುಗ, ನನ್ನನ್ನು ಕೇಳಿದ: “ತಾತ, ಮುತ್ತಾತ ನಿಜವಾಗಿಯೂ ಬರ್ಮಾದಲ್ಲಿ ಯುದ್ಧ ಮಾಡಿದ್ರಾ? ಅದು ಎಲ್ಲಿ ಬರೆದಿದೆ?”

ಅಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ. ದೊಡ್ಡಪ್ಪ ಎರಡನೆಯ ಮಹಾಯುದ್ಧದಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದರು, ಬರ್ಮಾದ ಕಾಡಿನಲ್ಲಿ ಜಪಾನಿನವರನ್ನು ಎದುರಿಸಿದರು ಎಂಬುದು ಮನೆಯಲ್ಲಿ ಎಲ್ಲರೂ ನಂಬಿದ್ದ ಮಾತು. ಆದರೆ ಅವರೇ ಆ ಮಾತನ್ನು ಆಡಿದ್ದನ್ನು ಕೇಳಿದವರಿಲ್ಲ. 1981ರಲ್ಲಿ ಅವರು ತೀರಿಕೊಂಡಾಗ ನಾನು ಚಿಕ್ಕ ಹುಡುಗ. ನನ್ನ ನೆನಪಿನಲ್ಲಿ ಉಳಿದಿರುವುದು ಒಂದೇ ಚಿತ್ರ: ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಅವರು ಊರ ಹಳ್ಳಕ್ಕೆ ತೆಂಗಿನ ದಿಮ್ಮಿ, ಬಿದಿರು ಜೋಡಿಸಿ ಕಾಲುಸೇತುವೆ ಕಟ್ಟುತ್ತಿದ್ದರು. ಹಗ್ಗದ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿ, ತಾವೇ ಅದರ ಮೇಲೆ ಮೂರು ಸಲ ಕುಪ್ಪಳಿಸಿದ ಮೇಲೆಯೇ ಹೆಂಗಸರು ಮಕ್ಕಳನ್ನು ದಾಟಲು ಬಿಡುತ್ತಿದ್ದರು. ಯುದ್ಧದ ವಿಷಯ ಕೇಳಿದರೆ, “ಸೇತುವೆ ಕಟ್ಟಿದೆವು, ಮಳೆ ಕೊಚ್ಚಿಕೊಂಡು ಹೋಯಿತು, ಮತ್ತೆ ಕಟ್ಟಿದೆವು” ಎನ್ನುತ್ತಿದ್ದರು. ಅಷ್ಟೇ.

ಹುಡುಗನ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಊರಿನ ಧರ್ಮಕೇಂದ್ರದ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆಯೊಂದು ಸಿದ್ಧವಾಗುತ್ತಿತ್ತು. ಸೈನ್ಯದಲ್ಲಿ ದುಡಿದ ಊರಿನವರ ಕುರಿತು ಒಂದು ಪುಟ ಮೀಸಲಾಗಿತ್ತು. ದೊಡ್ಡಪ್ಪನವರ ಬಗ್ಗೆ ನಾನೇ ಬರೆಯಬೇಕೆಂದು ಸಮಿತಿಯವರು ಕೇಳಿಕೊಂಡಿದ್ದರು. ಸುಲಭದ ಕೆಲಸವೆಂದು ಒಪ್ಪಿಕೊಂಡೆ. ಆದರೆ ಆ ಹುಡುಕಾಟ ಕೊನೆಗೆ ನನ್ನನ್ನು ತಂದು ನಿಲ್ಲಿಸಿದ್ದು ಒಂದು ನೈತಿಕ ಪ್ರಶ್ನೆಯ ಮುಂದೆ: ಸತ್ತವರಿಗೆ ನಾವು ಸಲ್ಲಿಸಬೇಕಾದುದು ಗೌರವವೋ, ಸತ್ಯವೋ? ಎರಡೂ ಒಟ್ಟಿಗೆ ಸಾಗದಂತೆ ಕಂಡಾಗ ಏನು ಮಾಡಬೇಕು?

ಕಾಗದಗಳ ಗತಿ

1939ರಲ್ಲಿ ಸುಮಾರು 2 ಲಕ್ಷ ಜನರಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ 25 ಲಕ್ಷವಾಗಿ ಬೆಳೆದಿತ್ತು. ಕಡ್ಡಾಯ ಭರ್ತಿಯಿಲ್ಲದೆ ಕೂಡಿದ ಸೈನ್ಯಗಳಲ್ಲಿ ಅದಕ್ಕಿಂತ ದೊಡ್ಡದನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಹಸಿವಿನಿಂದ ಹೋದವರು, ಸಂಬಳಕ್ಕಾಗಿ ಹೋದವರು, ಸಾಹಸಕ್ಕಾಗಿ ಹೋದವರು, ಅಣ್ಣ ಹೋದನೆಂದು ಹಿಂದೆಯೇ ಹೋದವರು, ಎಲ್ಲರೂ ಅದರಲ್ಲಿದ್ದರು. ಆ ಯುದ್ಧದಲ್ಲಿ ಮಡಿದ ಅವಿಭಜಿತ ಭಾರತದ ಯೋಧರ ಸಂಖ್ಯೆ 87,000ದಷ್ಟು. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಾಗಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಮೂಲ 1780ರಷ್ಟು ಹಳೆಯದು. ರಸ್ತೆ ಮಾಡುವುದು, ಸೇತುವೆ ಕಟ್ಟುವುದು, ನೆಲಬಾಂಬು ತೆಗೆಯುವುದು ಅದರ ಕಸುಬು. ಅದೇ ಪಡೆಯ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ನೆಲಬಾಂಬಿನ ಮೇಲೆ ತಮ್ಮ ಮೈಯನ್ನೇ ಚೆಲ್ಲಿ, ಸಂಗಡಿಗರನ್ನು ಉಳಿಸಿ ಪ್ರಾಣಬಿಟ್ಟರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು. ಆ ಗೌರವ ಪಡೆದ ಮೊದಲ ಭಾರತೀಯರು ಅವರು. ಇಂಥ ಕಥೆಗಳನ್ನು ಓದಿಯೇ ನಾನೂ ದೊಡ್ಡಪ್ಪನವರ ಕಥೆಯನ್ನು ಹುಡುಕಲು ಹೊರಟೆನೆಂಬುದನ್ನು ಮರೆಮಾಚಲಾರೆ. ಅಂಥದೊಂದು ವೀರಗಾಥೆ ಸಿಗಬಹುದೆಂಬ ಆಸೆ ನನ್ನಲ್ಲಿತ್ತು.

ಯುದ್ಧದಲ್ಲಿ ಮಡಿದವರನ್ನು ಹುಡುಕುವುದು ಒಂದು ವಿಧದಲ್ಲಿ ಸುಲಭ. 1917ರಲ್ಲಿ ಸ್ಥಾಪನೆಯಾದ, ಈಗ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೆಂದು ಹೆಸರಾದ ಸಂಸ್ಥೆಯು ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಹೆಸರುಗಳ ಪಟ್ಟಿಯನ್ನು ಇಟ್ಟಿದೆ. ಯಾರು ಬೇಕಾದರೂ ನೋಡಬಹುದು. ಮ್ಯಾನ್ಮಾರಿನ ಯಾಂಗೊನ್ ನಗರದ ಉತ್ತರಕ್ಕಿರುವ ತೌಕ್ಯಾನ್ ಸಮಾಧಿಭೂಮಿಯಲ್ಲಿ, ಸಮಾಧಿಯೇ ಸಿಗದ ಸುಮಾರು 27,000 ಯೋಧರ ಹೆಸರುಗಳನ್ನು ಕಲ್ಲುಕಂಬಗಳಲ್ಲಿ ಕೆತ್ತಿದ್ದಾರೆ. ಅವರಲ್ಲಿ ಬಹಳಷ್ಟು ಜನ ಭಾರತೀಯರು. ಸಾವಿನಲ್ಲಿ ಎಲ್ಲರೂ ಸಮಾನರೆಂಬುದು ಆ ಆಯೋಗದ ಸ್ಥಾಪಕ ತತ್ತ್ವ. ಆದರೆ ಆ ತತ್ತ್ವ ಎಲ್ಲ ಕಡೆಯೂ ಪಾಲನೆಯಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದ ಆಫ್ರಿಕದ, ಭಾರತದ, ಈಜಿಪ್ಟಿನ ಕನಿಷ್ಠ 1,16,000 ಜನರನ್ನು ಹೆಸರು ಹಿಡಿದು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಆಯೋಗವೇ ನೇಮಿಸಿದ ಸಮಿತಿ 2021ರಲ್ಲಿ ವರದಿ ಮಾಡಿತು. ಆಯೋಗ ಬಹಿರಂಗವಾಗಿ ಕ್ಷಮೆ ಕೇಳಿತು. ಅದೇ ವರ್ಷ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ 97 ವರ್ಷ ಯಾರೂ ತೆರೆಯದೆ ಉಳಿದಿದ್ದ ದಫ್ತರಗಳು ಬೆಳಕಿಗೆ ಬಂದವು. ಮೊದಲ ಮಹಾಯುದ್ಧಕ್ಕೆ ಹೋದ ಪಂಜಾಬಿನ 3,20,000 ಯೋಧರ ವಿವರಗಳು ಅವುಗಳಲ್ಲಿದ್ದವು. ತಮ್ಮ ಮುತ್ತಾತನ ಹೆಸರನ್ನು ಮೊದಲ ಬಾರಿಗೆ ಅಕ್ಷರದಲ್ಲಿ ಕಂಡವರಿಗೆ ಏನೆನಿಸಿರಬೇಕೆಂದು ಊಹಿಸಬಲ್ಲೆ.

ನಮ್ಮ ಧರ್ಮಸಭೆಗೂ ಈ ಹುಡುಕಾಟದ ಇತಿಹಾಸದಲ್ಲಿ ಒಂದು ಪಾಲಿದೆ. 1939ರಿಂದ 1947ರವರೆಗೆ ವ್ಯಾಟಿಕನ್ನಿನಲ್ಲಿ ಯುದ್ಧಕೈದಿಗಳಿಗಾಗಿಯೇ ಒಂದು ಮಾಹಿತಿ ಕಚೇರಿ ನಡೆಯುತ್ತಿತ್ತು. ಮಗನೆಲ್ಲಿ, ಗಂಡನೆಲ್ಲಿ ಎಂದು ಕೇಳಿ ಲಕ್ಷಗಟ್ಟಲೆ ಪತ್ರಗಳು ಅಲ್ಲಿಗೆ ಬಂದವು. ಪತ್ರ ಬರೆದವರು ಯಾವ ಪಕ್ಷದವರೆಂದು ನೋಡದೆ ಉತ್ತರ ಕೊಡುವುದು ಅದರ ಕೆಲಸವಾಗಿತ್ತು. ಆ ಕಡತಗಳ ಸೂಚಿ 2004ರಲ್ಲಿ ಪ್ರಕಟವಾಯಿತು.

ಆದರೆ ಬದುಕಿ ಮನೆಗೆ ಬಂದವರನ್ನು ಹುಡುಕುವುದು ಕಷ್ಟ. ಕಲ್ಲಿನಲ್ಲಿ ಅವರ ಹೆಸರಿರುವುದಿಲ್ಲ. ಕಾಗದಗಳ ಆಯುಸ್ಸಂತೂ ಮನುಷ್ಯನ ಆಯುಸ್ಸಿನಂತೆಯೇ ಅನಿಶ್ಚಿತ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ, ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸುಟ್ಟುಹೋದವು. 1973ರ ಜುಲೈಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ದಾಖಲೆ ಭಂಡಾರಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಮಿಕ್ಕಿದ ಕಡತಗಳು ಬೂದಿಯಾದವು. ನಮ್ಮ ದೇಶದಲ್ಲಿ ಬೆಂಕಿಯ ಅಗತ್ಯವೂ ಇಲ್ಲ. ಪಿಂಚಣಿಯಿಲ್ಲದೆ ಬಿಡುಗಡೆಯಾದ ಸೈನಿಕರ ಸೇವಾ ಕಾಗದಗಳನ್ನು 25 ವರ್ಷಗಳ ನಂತರ ನಾಶಪಡಿಸಬಹುದೆಂಬುದು ಸೈನ್ಯದ ನಿಯಮ. ಶಾಶ್ವತವಾಗಿ ಉಳಿಯುವುದು ಲಾಂಗ್ ರೋಲ್ ಎಂಬ ಹೆಸರಿನ ದೊಡ್ಡ ದಫ್ತರ ಮಾತ್ರ. ಅದರಲ್ಲಿ ಒಬ್ಬ ಸೈನಿಕನಿಗೆ ಸಿಗುವುದು ಹೆಚ್ಚುಕಡಿಮೆ ಒಂದು ಸಾಲು.

ಒಂದು ಸಾಲು

ದೊಡ್ಡಮ್ಮನವರ ಹಳೆಯ ಜಪದ ಪುಸ್ತಕದ ನಡುವೆ ಯುದ್ಧಕಾಲದ ಒಂದು ಮನಿಯಾರ್ಡರ್ ಚೀಟಿ ಸಿಕ್ಕಿತು. ಅದರ ಮೇಲೆ ದೊಡ್ಡಪ್ಪನವರ ಸೇವಾ ಸಂಖ್ಯೆಯಿತ್ತು. ಸಂಖ್ಯೆಯಿಲ್ಲದೆ ಹುಡುಕುವುದು ಬಹುಮಟ್ಟಿಗೆ ವ್ಯರ್ಥವೆಂದು ಬಲ್ಲವರು ಹೇಳಿದ್ದರಿಂದ ಆ ಚೀಟಿ ನಮಗೆ ನಿಧಿಯಂತೆ ಕಂಡಿತು. ಸಂಬಂಧಪಟ್ಟ ದಾಖಲೆ ಕಚೇರಿಗೆ ಪತ್ರ ಬರೆದೆವು. ಕೆಲವು ತಿಂಗಳ ಮೇಲೆ ಸೌಜನ್ಯದ ಉತ್ತರ ಬಂತು. ಸಂಖ್ಯೆ, ಹೆಸರು, ಊರು, ಸೇರಿದ ದಿನ, 1946ರಲ್ಲಿ ಬಿಡುಗಡೆಯಾದ ದಿನ, ಇಷ್ಟೇ ಅದರಲ್ಲಿತ್ತು. ಹೆಸರಿನ ಅಕ್ಷರಗಳು ಬೇರೆಯಾಗಿದ್ದವು. ಅಲ್ಲಿ ಬರೆದಿದ್ದ ವಯಸ್ಸಿಗೂ ನಮ್ಮ ದೇವಾಲಯದ ದೀಕ್ಷಾಸ್ನಾನದ ದಫ್ತರದಲ್ಲಿರುವ ಜನನ ದಿನಾಂಕಕ್ಕೂ ಮೂರು ವರ್ಷದ ಅಂತರವಿತ್ತು. ಭರ್ತಿಯ ದಿನ ಅಂದಾಜಿನಲ್ಲಿ ವಯಸ್ಸು ಹೇಳುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು.

ಹುಡುಗನಿಗೆ ಇದು ಸಾಲದಾಯಿತು. ಅಕ್ಕನ ಮನೆಯ ಅಟ್ಟದಲ್ಲಿದ್ದ ತಗಡಿನ ಟ್ರಂಕನ್ನು ಅವನೇ ಇಳಿಸಿದ. ತಳದಲ್ಲಿ ಹಳೆಯ ವೃತ್ತಪತ್ರಿಕೆಯ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟ ಬಿಡುಗಡೆ ಪುಸ್ತಕ ಸಿಕ್ಕಿತು. ಬರ್ಮಾದ ಸೇವೆ ನಿಜವೆಂದು ಅದರಿಂದ ತಿಳಿಯಿತು. ಹುಡುಗನ ಮುಖ ಅರಳಿತು. ಮುಂದಿನ ಪುಟದಲ್ಲಿ ಇನ್ನೊಂದು ನಮೂದು ಇತ್ತು: 1943ರಲ್ಲಿ 19 ದಿನ, ಜುಲೈ 17ರಿಂದ, ಅನುಮತಿಯಿಲ್ಲದ ಗೈರುಹಾಜರಿ. ಆ ದಿನಗಳನ್ನೂ ಅದರ ಹಿಂದೆಯೇ ಬಂದ ಶಿಕ್ಷೆಯ ದಿನಗಳನ್ನೂ ಸೇವೆಯ ಲೆಕ್ಕದಿಂದ ಕಳೆಯಲಾಗಿತ್ತು. ನಡತೆಯ ಕಾಲಂನಲ್ಲಿ ‘ಫೇರ್’ ಎಂದು ಬರೆದಿತ್ತು. ಪರವಾಗಿಲ್ಲ ಎಂಬಷ್ಟೇ ಅದರ ಅರ್ಥ.

“ಹಾಗಾದ್ರೆ ಮುತ್ತಾತ ಓಡಿಬಂದಿದ್ರಾ?” ಎಂದು ಹುಡುಗ ಕೇಳಿದ. ಅವನ ತಂದೆ ಪುಸ್ತಕವನ್ನು ಮುಚ್ಚಿ, “ಸ್ವಾಮಿ, ಇದನ್ನು ಅಮ್ಮನಿಗೆ ಹೇಳುವುದು ಬೇಡ. ಸಂಚಿಕೆಯಲ್ಲಂತೂ ಬೇಡವೇ ಬೇಡ. ಬರ್ಮಾಕ್ಕೆ ಹೋಗಿದ್ದರು, ಅಷ್ಟು ಬರೆದರೆ ಸಾಕು” ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸಿತು. ಎಪ್ಪತ್ತರ ಕೊನೆಯಲ್ಲಿರುವ ಅಕ್ಕನಿಗೆ ಅಪ್ಪನೆಂದರೆ ದೇವರ ನಂತರದ ಸ್ಥಾನ. ಆ ಚಿತ್ರವನ್ನು ಕಲಕಲು ನಾನು ಯಾರು?

ಮರೆಮಾಚುವುದೂ ಸುಳ್ಳಾಡುವುದೂ

ಈ ಪ್ರಶ್ನೆಯನ್ನು ಗುರುಮಠದಲ್ಲಿ ಓದಿದ ನೀತಿಶಾಸ್ತ್ರದ ಬೆಳಕಿನಲ್ಲಿಟ್ಟು ನೋಡಲು ಯತ್ನಿಸಿದೆ. ಸಂತ ಅಗಸ್ಟೀನರು ಸುಳ್ಳಿನ ವಿರುದ್ಧ ಬರೆದ ಗ್ರಂಥದಲ್ಲಿ ನಮ್ಮ ಸ್ಥಿತಿಗೆ ಬಹಳ ಹತ್ತಿರದ ಉದಾಹರಣೆಯೊಂದಿದೆ. ಪ್ರಾಣಾಪಾಯದಲ್ಲಿ ಮಲಗಿರುವ ರೋಗಿಯ ಒಬ್ಬನೇ ಮಗ ಸತ್ತಿದ್ದಾನೆ. ರೋಗಿಗೆ ಅದು ಗೊತ್ತಿಲ್ಲ. ಮಗ ಬದುಕಿದ್ದಾನೆಯೇ ಎಂದು ಅವನು ಕೇಳುತ್ತಾನೆ. ನಿಜ ಹೇಳಿದರೆ ಅವನೂ ಸಾಯಬಹುದು. ಇಂಥ ಗಳಿಗೆಯಲ್ಲಿ ತಮ್ಮ ಮನಸ್ಸೂ ಕರಗುತ್ತದೆಂದು ಅಗಸ್ಟೀನರು ಒಪ್ಪಿಕೊಳ್ಳುತ್ತಾರೆ. ಆದರೂ ಸುಳ್ಳು ಹೇಳಬಾರದೆಂದೇ ಅವರ ತೀರ್ಮಾನ. ಒಂದು ಸುಳ್ಳಿಗೆ ಕರುಣೆಯ ಹೆಸರಿನಲ್ಲಿ ಬಾಗಿಲು ತೆರೆದರೆ ಅದು ಎಲ್ಲಿಗೆ ಹೋಗಿ ನಿಲ್ಲುವುದೋ ಎಂಬ ಭಯ ಅವರದು. ಸಂತ ತೋಮಾಸ್ ಅಕ್ವಿನಾಸರೂ ಸುಳ್ಳನ್ನು ಒಪ್ಪುವುದಿಲ್ಲ. ಆದರೆ ಸತ್ಯವನ್ನು ವಿವೇಕದಿಂದ ಮರೆಯಲ್ಲಿಡುವುದು ಬೇರೆ, ಸುಳ್ಳಾಡುವುದು ಬೇರೆ ಎಂದು ವಿಂಗಡಿಸುತ್ತಾರೆ. ಕೇಳಿದವರಿಗೆಲ್ಲ ಎಲ್ಲವನ್ನೂ ಹೇಳಬೇಕೆಂಬ ಕರ್ತವ್ಯ ಯಾರಿಗೂ ಇಲ್ಲ.

ಇನ್ನೊಂದು ಕಡೆಯಿಂದಲೂ ಮರೆಮಾಚುವುದಕ್ಕೆ ಬೆಂಬಲ ಸಿಗುತ್ತದೆ. ಇಲ್ಲದ ತಪ್ಪನ್ನು ಹೊರಿಸುವುದು ಮಾತ್ರ ಪಾಪವಲ್ಲ. ಇರುವ ತಪ್ಪನ್ನೇ ಆದರೂ, ತಕ್ಕ ಕಾರಣವಿಲ್ಲದೆ ತಿಳಿಯದವರಿಗೆ ತಿಳಿಸಿ ಒಬ್ಬರ ಹೆಸರು ಕೆಡಿಸುವುದೂ ತಪ್ಪೆಂದು ಧರ್ಮಸಭೆಯ ಬೋಧನೆ. ಬದುಕಿರುವವರಾದರೆ ಎದ್ದು ನಿಂತು, “ಅದು ಹಾಗಲ್ಲ, ಹೀಗೆ” ಎಂದು ಹೇಳಿಯಾರು. ಸತ್ತವರಿಗೆ ಆ ಅವಕಾಶವಿಲ್ಲ. ಆದ್ದರಿಂದ ಅವರ ಹೆಸರಿನ ವಿಷಯದಲ್ಲಿ ನಮ್ಮ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. ಈಗ ಹಳೆಯ ದಾಖಲೆಗಳು ಮನೆಯಲ್ಲಿ ಕುಳಿತೇ ನೋಡಲು ಸಿಗುತ್ತವೆ. ಆ ಸೌಲಭ್ಯದ ಜೊತೆಗೇ, ಅಜ್ಜಂದಿರ ಗುಟ್ಟುಗಳನ್ನು ಸಂಭ್ರಮದಿಂದ ಊರಿಗೆಲ್ಲ ಹಂಚುವ ಚಪಲವೂ ಬಂದಿದೆ.

ಇಷ್ಟು ವಾದ ಕೂಡಿಸಿಕೊಂಡ ಮೇಲೆ ಸುಮ್ಮನಿರುವುದೇ ಸರಿಯೆಂದು ತೋರಿತು. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಸ್ಮರಣ ಸಂಚಿಕೆಗೆ ಬರೆಯಲು ಕುಳಿತಾಗ ಲೇಖನಿ ನಿಂತಿತು. ‘ಕಳಂಕವಿಲ್ಲದ ಸೇವೆ ಸಲ್ಲಿಸಿದರು’ ಎಂದು ಬರೆಯುವ ಆಸೆ ಬಲವಾಗಿತ್ತು. ಅದನ್ನು ಬರೆದಿದ್ದರೆ ಅದು ಮರೆಮಾಚುವಿಕೆಯಾಗುತ್ತಿರಲಿಲ್ಲ, ಸುಳ್ಳಾಗುತ್ತಿತ್ತು. ಇತಿಹಾಸ ಬರೆಯುವವರು ಸುಳ್ಳಾಡಲು ಅಂಜಬೇಕು, ನಿಜ ಹೇಳಲು ಅಂಜಬಾರದೆಂಬ ಹಳೆಯ ಮಾತನ್ನು ಪೋಪ್ ಹದಿಮೂರನೆಯ ಲಿಯೋ 1883ರಲ್ಲಿ ಇತಿಹಾಸಕಾರರಿಗೆ ನೆನಪಿಸಿದ್ದರು. ಅದಕ್ಕೆ ಎರಡು ವರ್ಷ ಮುಂಚೆ ವ್ಯಾಟಿಕನ್ ದಾಖಲೆಗಳನ್ನು ವಿದ್ವಾಂಸರಿಗೆ ತೆರೆದಿದ್ದವರೂ ಅವರೇ. ಧರ್ಮಸಭೆಯ ಇತಿಹಾಸಕ್ಕೆ ಸಲ್ಲುವ ನಿಯಮ ನಮ್ಮ ಮನೆತನದ ಇತಿಹಾಸಕ್ಕೆ ಸಲ್ಲದೇ?

ಆಗ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ. ನಾನು ಕಾಪಾಡಲು ಹೊರಟಿರುವುದು ದೊಡ್ಡಪ್ಪನವರ ಹೆಸರನ್ನೋ, ಅವರ ಹೆಸರಿನಿಂದ ನನಗೆ ದೊರಕುವ ಹೆಮ್ಮೆಯನ್ನೋ? ಉತ್ತರ ಹಿತವಾಗಿರಲಿಲ್ಲ.

ದಾಖಲೆ ಏನನ್ನು ಬಲ್ಲದು?

ಇದುವರೆಗಿನ ವಾದದಲ್ಲಿ ನಾನು ಒಂದು ವಿಷಯವನ್ನು ಪರೀಕ್ಷಿಸದೆ ಒಪ್ಪಿಕೊಂಡಿದ್ದೆ. ದಾಖಲೆ ಹೇಳುವುದು ಸತ್ಯ, ಮನೆಯವರ ನೆನಪು ಕಟ್ಟುಕಥೆ ಎಂದು ಭಾವಿಸಿದ್ದೆ. ನಿಜವಾಗಿ ದಾಖಲೆ ಉತ್ತರಿಸುವುದು ಅದನ್ನು ಬರೆಸಿದವರು ಕೇಳಿದ ಪ್ರಶ್ನೆಗೆ ಮಾತ್ರ. ಆ ಪುಟವನ್ನು ಬರೆದ ಗುಮಾಸ್ತನಿಗೆ ಬೇಕಾಗಿದ್ದುದು ಸೇವೆಯ ದಿನಗಳ ಲೆಕ್ಕ. ಎಷ್ಟು ದಿನ ಇರಲಿಲ್ಲ ಎಂಬುದು ಅವನ ಪ್ರಶ್ನೆ. ಏಕೆ ಇರಲಿಲ್ಲ ಎಂಬುದಕ್ಕೆ ಆ ಪುಟದಲ್ಲಿ ಜಾಗವೇ ಇರಲಿಲ್ಲ. ಅವನು ಸುಳ್ಳು ಬರೆಯಲಿಲ್ಲ. ಆದರೆ ಅವನು ಬರೆದುದು ಪೂರ್ಣ ಸತ್ಯವೂ ಅಲ್ಲ.

ಅದಕ್ಕಿಂತಲೂ ಮುಖ್ಯವಾಗಿ, ದಾಖಲೆಯ ಮಾತು ಅದನ್ನು ಬರೆದವರ ಕಣ್ಣಿನಿಂದ ಕಂಡದ್ದು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ವಶವಾದಾಗ ಸೆರೆಸಿಕ್ಕ ಸಾವಿರಾರು ಭಾರತೀಯ ಯೋಧರು ಆಜಾದ್ ಹಿಂದ್ ಫೌಜನ್ನು ಸೇರಿದರು. ಸೇರಲೊಲ್ಲದ ಸಾವಿರಾರು ಜನರನ್ನು ನ್ಯೂ ಗಿನಿ ಮೊದಲಾದ ದೂರದ ದ್ವೀಪಗಳಿಗೆ ಕೂಲಿಗಳಾಗಿ ಸಾಗಿಸಲಾಯಿತು. ಅಲ್ಲಿ ಅನೇಕರು ಸತ್ತರು. ಮೊದಲ ಗುಂಪಿನವರನ್ನು ಬ್ರಿಟಿಷ್ ಸರಕಾರ ರಾಜದ್ರೋಹಿಗಳೆಂದು ಕರೆದು 1945ರ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ವಿಚಾರಣೆ ಆರಂಭಿಸಿತು. ದೇಶದ ಜನ ಅವರನ್ನು ದೇಶಭಕ್ತರೆಂದು ಕರೆದರು. ಸ್ವಾತಂತ್ರ್ಯ ಬಂದ ಮೇಲೂ ಅವರನ್ನು ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. ಮುಂದೆ ಅವರಿಗೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ದೊರಕಿತು. ಮನುಷ್ಯನೂ ಅವನು ಮಾಡಿದ ಕೆಲಸವೂ ಒಂದೇ ಆಗಿದ್ದರೂ ಒಂದು ಕಡತದಲ್ಲಿ ಅವನು ದ್ರೋಹಿ, ಇನ್ನೊಂದರಲ್ಲಿ ವೀರ. ಇನ್ನು, ಕೊಟ್ಟ ಮಾತಿಗೆ ಕಟ್ಟುಬಿದ್ದು ದ್ವೀಪಗಳಲ್ಲಿ ಹಸಿವಿನಿಂದ ಸತ್ತವರನ್ನು ನಾವು ಹೆಚ್ಚಾಗಿ ನೆನೆಯುವುದೇ ಇಲ್ಲ. ಕಡತದ ಒಂದು ಪದ ಹಿಡಿದು ಮನುಷ್ಯನನ್ನು ತೂಗುವುದು ಎಷ್ಟು ಅಪಾಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪವಿತ್ರ ಗ್ರಂಥದಲ್ಲಿಯೂ ಒಂದು ಸೈನಿಕರ ಪಟ್ಟಿಯಿದೆ. ಸಮುವೇಲನ ಎರಡನೆಯ ಗ್ರಂಥದ 23ನೆಯ ಅಧ್ಯಾಯದಲ್ಲಿ ದಾವೀದನ ಪರಾಕ್ರಮಿಗಳ ಹೆಸರುಗಳನ್ನು ಒಂದೊಂದಾಗಿ ಕೊಟ್ಟಿದೆ. ಆ ಪಟ್ಟಿಯ ಕಟ್ಟಕಡೆಯ ಹೆಸರು ಹಿತ್ತಿಯನಾದ ಊರೀಯನದು. ಸಂಗಡಿಗರು ಬಯಲಿನಲ್ಲಿರುವಾಗ ತಾನು ಮನೆಗೆ ಹೋಗಲಾರೆನೆಂದು ಅರಮನೆಯ ಬಾಗಿಲಲ್ಲೇ ಮಲಗಿದ ಯೋಧ ಅವನು. ಅವನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದವನು ದಾವೀದನೇ. ಆಸ್ಥಾನದ ಲಿಪಿಕಾರನಿಗೆ ಆ ಹೆಸರನ್ನು ಬಿಟ್ಟುಬಿಡುವುದು ಸುಲಭವಾಗಿತ್ತು. ಅವನು ಬಿಡಲಿಲ್ಲ. ಸಂತ ಮತ್ತಾಯರು ಪ್ರಭು ಯೇಸುವಿನ ವಂಶಾವಳಿಯನ್ನು ಬರೆಯುವಾಗಲೂ ಸೊಲೊಮೋನನ ತಾಯಿಯನ್ನು ಊರೀಯನ ಹೆಂಡತಿಯಾಗಿದ್ದವಳೆಂದೇ ಗುರುತಿಸಿದರು. ದೇವರ ಕುಟುಂಬದ ದಫ್ತರದಲ್ಲಿ ಕಲೆಗಳನ್ನು ಅಳಿಸಿಲ್ಲ. ಹಾಗೆಂದು ಕಲೆಯ ಕಾರಣಕ್ಕೆ ಯಾರನ್ನೂ ಹೊರಗೆ ಹಾಕಿಯೂ ಇಲ್ಲ.

ಇನ್ನೊಂದು ದಫ್ತರ

ಸಂಚಿಕೆಗೆ ದೊಡ್ಡಪ್ಪನವರ ಮದುವೆಯ ದಿನಾಂಕ ಬೇಕಾಗಿತ್ತು. ಅದಕ್ಕಾಗಿ ಊರಿನ ದೇವಾಲಯದ ಹಳೆಯ ದಫ್ತರಗಳನ್ನು ತೆರೆದೆ. ಆ ಕಾಲದ ಫ್ರೆಂಚ್ ಗುರುಗಳು ಲತೀನ್ ಭಾಷೆಯಲ್ಲಿ, ಸಣ್ಣ ಅಕ್ಷರಗಳಲ್ಲಿ ಬರೆದಿಟ್ಟ ಪುಟಗಳವು. ಮದುವೆಯ ದಾಖಲೆ ಸಿಕ್ಕಿತು. ಅಭ್ಯಾಸಬಲದಿಂದ ಮರಣದ ದಫ್ತರವನ್ನೂ ತಿರುವಿದೆ. 1943ರ ಜುಲೈ 8ರಂದು ದೊಡ್ಡಪ್ಪನವರ ಮಗನೊಬ್ಬನ ಸಮಾಧಿಕ್ರಿಯೆ ನಡೆದಿತ್ತು. ವಯಸ್ಸು ಎರಡು ವರ್ಷ. ಕಾರಣದ ಜಾಗದಲ್ಲಿ ಜ್ವರವೆಂದಷ್ಟೇ ಬರೆದಿತ್ತು.

ಎರಡು ದಿನಾಂಕಗಳನ್ನು ಒಂದು ಚೀಟಿಯಲ್ಲಿ ಪಕ್ಕಪಕ್ಕ ಬರೆದು ಬಹಳ ಹೊತ್ತು ನೋಡುತ್ತ ಕುಳಿತೆ. ಜುಲೈ 8, ಜುಲೈ 17. ಆಗ ಅವರ ಪಡೆ ಉತ್ತರದ ಒಂದು ಶಿಬಿರದಲ್ಲಿತ್ತು. ಕಾಗದ ತಲುಪಲು ಒಂದು ವಾರ ಬೇಕೇ ಬೇಕು. ಆದರೂ ನನ್ನನ್ನು ನಾನೇ ತಡೆದುಕೊಂಡೆ. ಎರಡು ದಿನಾಂಕಗಳು ಹತ್ತಿರವಿವೆ ಎಂದು ಹೇಳಬಲ್ಲೆ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಸಾಕ್ಷಿಯಿರಲಿಲ್ಲ. ಮೊದಲು ವೀರಗಾಥೆಯನ್ನು ಬಯಸಿದ ಮನಸ್ಸೇ ಈಗ ಕರುಣಾಜನಕ ಕಥೆಯನ್ನು ಬಯಸುತ್ತಿತ್ತು.

ಸಾಕ್ಷಿ ಇರಬಹುದಾದುದು ಒಂದೇ ಕಡೆ. ಅಕ್ಕನ ಮಗನೊಂದಿಗೆ ಮಾತಾಡಿ ಒಪ್ಪಿಸಿದೆ. ಒಂದು ಸಂಜೆ ಅಕ್ಕನ ಮುಂದೆ ಕುಳಿತು, ಬಿಡುಗಡೆ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟು, ಇದ್ದುದನ್ನು ಇದ್ದಂತೆ ಹೇಳಿದೆ. ನನ್ನ ಧ್ವನಿ ನಡುಗಿತು. ಅವಳ ಧ್ವನಿ ನಡುಗಲಿಲ್ಲ.

“ರಜ ಇಲ್ಲದೆ ಬಂದಿದ್ನಾ ಅಪ್ಪ?” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಅವ್ವ ಹೇಳ್ತಿದ್ಲು ತಮ್ಮಾ. ನಾನು ಹುಟ್ಟೋದಕ್ಕೆ ಮುಂಚಿನ ಮಾತು. ಅಣ್ಣ ತೀರಿಕೊಂಡ ಕಾಗದ ಸಿಕ್ಕಿದ ಕೂಡಲೆ ಅಪ್ಪ ಬಂದನಂತೆ. ಮಣ್ಣಾಗಿ ಎರಡು ವಾರ ಆಗಿತ್ತಂತೆ. ಮೂರು ದಿನ ಜಗಲಿ ಬಿಟ್ಟು ಏಳಲಿಲ್ಲವಂತೆ. ಹತ್ತು ದಿನ ಇದ್ದು, ಅವ್ವ ಎದ್ದು ಓಡಾಡೋ ಹಾಗಾದ ಮೇಲೆ ತಾನಾಗಿ ಹೊರಟನಂತೆ. ದೊರೆಗಳು ಒಳ್ಳೆಯವರು, ಕೇಳಿದ ತಕ್ಷಣ ರಜ ಕೊಟ್ಟು ಕಳಿಸಿದರು ಅಂತ ಅವ್ವ ಸಾಯೋವರೆಗೂ ಅವರಿಗೆ ಹರಸ್ತಿದ್ಲು.”

ಸೈನ್ಯದವರಿಗೆ ಗೊತ್ತಿದ್ದುದು ಅವರು ಹೋದದ್ದು. ಮನೆಯವರಿಗೆ ಗೊತ್ತಿದ್ದುದು ಅವರು ಬಂದದ್ದು. ಅದಕ್ಕೆ ಏನು ಬೆಲೆ ತೆರಬೇಕಾಯಿತೆಂದು ದೊಡ್ಡಪ್ಪ ಹೆಂಡತಿಗೂ ಹೇಳಿಕೊಳ್ಳಲಿಲ್ಲ.

ಕಾರಣ ತಿಳಿಯಿತೆಂದು ಆ ತಪ್ಪು ತಪ್ಪಲ್ಲವಾಗದು ಎಂಬುದನ್ನೂ ಹೇಳಬೇಕು. ಅವರು ಆಣೆಯಿಟ್ಟು ಸೇರಿದ ಪಡೆಯನ್ನು ಯುದ್ಧಕಾಲದಲ್ಲಿ ಬಿಟ್ಟುಬಂದರು. ಅವರ ಪಾಲಿನ ಕೆಲಸವನ್ನು ಬೇರೆ ಯಾರೋ ಮಾಡಿದರು. ಆ ಯಾರೋ ಒಬ್ಬರ ಮನೆಯಲ್ಲಿಯೂ ಮಗು ಸತ್ತಿದ್ದಿರಬಹುದು, ಅವರು ಹೋಗದೆ ಉಳಿದಿರಬಹುದು. ಊರೀಯನಂತೆ ಮನೆಗೆ ಹೋಗಲೊಲ್ಲದವರ ನಿಷ್ಠೆ ದೊಡ್ಡದು. ದೊಡ್ಡಪ್ಪ ಮರಳಿ ಹೋಗಿ, ನೆಪ ಹೇಳದೆ, ಶಿಕ್ಷೆಯನ್ನು ಅನುಭವಿಸಿ, ಬರ್ಮಾ ದಂಡಯಾತ್ರೆಗೆ ಹೊರಟರು. ಮಗನ ಮೇಲಿನ ಪ್ರೀತಿಯೂ ಕರ್ತವ್ಯದ ಕರೆಯೂ ಒಟ್ಟಿಗೆ ಎಳೆದಾಗ ಎರಡಕ್ಕೂ ತಮ್ಮ ಕೈಲಾದಷ್ಟು ಸಲ್ಲಿಸಿದ ಸಾಮಾನ್ಯ ಮನುಷ್ಯ ಅವರು. ನಮ್ಮ ಮನೆತನದ ನಿರ್ದೋಷಿ ವೀರನಿಗಿಂತ ಈ ಮನುಷ್ಯ ನನಗೆ ಹೆಚ್ಚು ಹತ್ತಿರದವರಾದರು.

ಹುಡುಕುವವರಿಗೆ

ಪ್ರಿಯ ಓದುಗರೇ, ನಿಮ್ಮ ಮನೆಯ ಟ್ರಂಕಿನಲ್ಲಿಯೂ ಇಂಥ ಪುಸ್ತಕವೊಂದು ಇರಬಹುದು. ಅದನ್ನು ತೆರೆಯಬೇಡಿ ಎಂದು ನಾನು ಹೇಳಲಾರೆ. ಮೊದಲು ನಿಮಗೆ ಬೇಕಾಗಿರುವುದು ಸತ್ಯವೋ ಹೆಮ್ಮೆಯೋ ಎಂದು ಕೇಳಿಕೊಳ್ಳಿ. ಒಂದು ಕಾಗದ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಸೈನ್ಯದ ಪಟ್ಟಿ, ದೇವಾಲಯದ ದಫ್ತರ, ಅಂಚೆಚೀಟಿ, ಮನಿಯಾರ್ಡರು, ಹಿರಿಯರ ಬಾಯಿಮಾತು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಿರಿಯರಂತೂ ಕಾಗದಕ್ಕಿಂತ ಬೇಗ ಮರೆಯಾಗುವವರು. ಅವರನ್ನು ಇಂದೇ ಕೇಳಿ. ಸಿಕ್ಕಿದ ಸತ್ಯದ ಮೇಲೆ ಯಾರಿಗೆ ಮೊದಲ ಹಕ್ಕಿದೆಯೋ ಅವರಿಗೆ ಮೊದಲು, ಮನೆಯೊಳಗೆ, ಮೆಲ್ಲನೆ ಹೇಳಿ. ಊರಿಗೆ ಹೇಳುವುದು ಅವರು ಒಪ್ಪಿದ ಮೇಲೆ. ಕಾರಣ ಸಿಗದೆ ಹೋದರೆ ಕಟ್ಟಿ ಹೇಳಬೇಡಿ. ನಮಗೆ ಒಬ್ಬ ಅಕ್ಕ ಇದ್ದಳು. ಎಷ್ಟೋ ಮನೆಗಳಲ್ಲಿ ಅಂಥ ಅಕ್ಕ ಇರುವುದಿಲ್ಲ, 19 ದಿನಗಳು ಮಾತ್ರ ಉಳಿದಿರುತ್ತವೆ. ಅಲ್ಲಿ ತೀರ್ಪು ನೀಡದೆ ಪ್ರಾರ್ಥಿಸುವುದೇ ನಮಗೆ ಉಳಿಯುವ ಮಾರ್ಗ. ಪೂರ್ಣ ದಾಖಲೆ ದೇವರಲ್ಲಿದೆ ಎಂಬುದು ನಮ್ಮ ವಿಶ್ವಾಸ.

ಅಕ್ಕನ ಒಪ್ಪಿಗೆ ಪಡೆದು ಸ್ಮರಣ ಸಂಚಿಕೆಯಲ್ಲಿ ಎಲ್ಲವನ್ನೂ ಬರೆದೆ: ಸೇತುವೆ, ಬರ್ಮಾ, ಹತ್ತೊಂಬತ್ತು ದಿನ, ಶಿಕ್ಷೆ. ಅವಳದೊಂದೇ ಷರತ್ತಿತ್ತು. ಎರಡು ವರ್ಷದ ಅಣ್ಣನ ಹೆಸರೂ ಅದರಲ್ಲಿ ಇರಬೇಕೆಂದಳು. ಆ ಹೆಸರು ಅದುವರೆಗೆ ಲತೀನ್ ದಫ್ತರದಲ್ಲಲ್ಲದೆ ಇನ್ನೆಲ್ಲಿಯೂ ಇರಲಿಲ್ಲ.

ಆ ವರ್ಷದ ನವೆಂಬರ್ 2ರಂದು ಹುಡುಗ ಎರಡು ಮೇಣದ ಬತ್ತಿ ತಂದಿದ್ದ. ಒಂದನ್ನು ಮುತ್ತಾತನ ಶಿಲುಬೆಯ ಮುಂದೆ ಹಚ್ಚಿದ. ಮಗುವಿನ ಸಮಾಧಿ ಎಲ್ಲಿತ್ತೆಂದು ಈಗ ತಿಳಿದವರಿಲ್ಲ. ಇನ್ನೊಂದನ್ನು ಎಲ್ಲಿಡಲಿ ಎಂದು ಅವನು ಅಕ್ಕನ ಮುಖ ನೋಡಿದ. “ಅಲ್ಲೇ ಇಡು ಮಗಾ, ಅಪ್ಪನ ಪಕ್ಕದಲ್ಲೇ” ಎಂದಳು ಅವಳು.